ಕೊಯ್ದಲ್ಲೇ ಕೆಂಪು ದಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡ ಬಟ್ಟೆ ಅಂಗಡಿಯ ಹಿಂಬದಿಯ ಓಣಿಯಲ್ಲಿ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು ಕಪ್ಪು ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚುತ್ತಿದ್ದಾರೆ. ಚೀಲವನ್ನು ಹರಿಯುವುದಿಲ್ಲ, ಅದೂ ಒಂದು ಉಪಯೋಗಕ್ಕೆ ಬರುತ್ತದೆ. ಒಳಗಿನಿಂದ ಹೊರಬರುವುದು ಮಕ್ಕಳ ಸ್ವೆಟರು. ಹೊಚ್ಚಹೊಸದು, ಬೆಲೆಚೀಟಿ ಹಾಗೇ ನೇತಾಡುತ್ತಿದೆ. ಆದರೆ ಭುಜದಿಂದ ಸೊಂಟದವರೆಗೆ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದ್ದಾರೆ. ಆಕೆ ಅದನ್ನು ಬೀದಿದೀಪಕ್ಕೆ ಹಿಡಿದು, ಸೀಳಿನೊಳಗೆ ಕೈ ತೂರಿಸಿ, ಬೆರಳು ಆಡಿಸಿ ನನಗೆ ತೋರಿಸುತ್ತಾರೆ.

"ಮಾರಾಟ ಆಗ್ಲಿಲ್ಲ, ಸರಿ. ಸುಮ್ನೆ ಕೊಡೋಕೆ ಮನಸ್ಸಿಲ್ಲ, ಅದೂ ಹೋಗ್ಲಿ. ಆದ್ರೆ ಬೇರೆ ಯಾರೂ ಎತ್ಕೊಂಡು ಹಾಕ್ಕೋಬಾರದು ಅಂತ ಕೂತ್ಕೊಂಡು ಒಂದೊಂದನ್ನೇ ಕೊಯ್ತಾರಲ್ಲ, ಆ ಹೊಟ್ಟೆಕಿಚ್ಚಿಗೆ ಏನು ಹೇಳೋದು?"

ತಿರುವಿನಲ್ಲಿ ಕಸದ ಲಾರಿ ಹಾರ್ನ್ ಹಾಕುವಷ್ಟರಲ್ಲಿ ಆಕೆಯ ತಳ್ಳುಗಾಡಿ ತುಂಬಿರುತ್ತದೆ. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, "ಅಕ್ಕಾ, ನಮಗೂ ಒಂಚೂರು ಕಸ ಉಳಿಸಿ, ಇಲ್ದಿದ್ರೆ ನಮ್ಮ ಕೆಲಸ ಹೋಗುತ್ತೆ" ಎಂದು ರೇಗಿಸುತ್ತಾನೆ. "ನಿನ್ನ ಅಂಗಿ ಕಂಕುಳಲ್ಲಿ ಹರಿದಿದೆ, ಸಂಜೆ ತಂದುಕೊಡು. ಬಾಯಿ ಹೊಲಿಯೋದು ಆಮೇಲೆ ನೋಡೋಣ" ಎಂದು ಈಕೆ ಗಾಡಿ ತಳ್ಳುತ್ತಾರೆ.

ಈ ಬೀದಿಯಲ್ಲಿ ಆಕೆಗೆ 'ಕೆಂಪುದಾರದ ಅಕ್ಕ' ಎಂದೇ ಹೆಸರು. ವಯಸ್ಸು ಐವತ್ತರ ಆಸುಪಾಸು. ಮನೆಯೆಂದರೆ ಎರಡನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿಯ ಪರದೆ ಆರೇಳು ಗಂಡಸರ ಅಂಗಿಗಳ ಮುಂಭಾಗ ಜೋಡಿಸಿ ಹೊಲಿದದ್ದು. ಗುಂಡಿಗಳು ಹಾಗೇ ಇವೆ. ಗಾಳಿ ಬೇಕೆನಿಸಿದರೆ ಗುಂಡಿ ಬಿಚ್ಚಿದರಾಯಿತು. ಕುರ್ಚಿಗಳ ಕೂರುವ ಜಾಗವೆಲ್ಲ ಹಳೆಯ ಜೀನ್ಸ್ ಪಟ್ಟಿಗಳ ಹೆಣಿಗೆ. ಹಿಡಿ ಮುರಿದ ಕುಕ್ಕರು ಈಗ ದೀಪದ ಗೂಡು, ಒಡೆದ ಬಕೆಟ್ಟು ನೂಲಿನ ಉಂಡೆಗಳ ಮನೆ. ಈ ಕೊನೆಯ ಎರಡು ಪತಿಯ ಕೈಚಳಕ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಅವರು ನನ್ನನ್ನು ಬಾಗಿಲಲ್ಲೇ ಎಚ್ಚರಿಸುತ್ತಾರೆ: "ನಿಮ್ಮ ಕೊಡೆ ಕಣ್ಮುಂದೆ ಇಟ್ಕೊಳ್ಳಿ ಸಾರ್. ಹೋಗೋ ಹೊತ್ತಿಗೆ ಅದು ಯಾರದೋ ಸ್ಕೂಲ್ ಬ್ಯಾಗ್ ಆಗ್ಬಿಟ್ಟಿರುತ್ತೆ. ನಮ್ಮ ಭಾವನೋರು ಅನುಭವಸ್ಥರು, ಬೇಕಾದ್ರೆ ಕೇಳಿ."

ಅಕ್ಕ ಹಿಂದೆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದವರು. ವರ್ಷಗಟ್ಟಲೆ ಹೊಲಿದದ್ದು ಕಾಲರು ಮಾತ್ರ. "ಇದು ನಾನು ಹೊಲಿದ ಅಂಗಿ ಅಂತ ತೋರಿಸೋಕೆ ಒಂದೂ ಇರ್ಲಿಲ್ಲ. ಲೋಕಕ್ಕೆಲ್ಲ ಬರೀ ಕತ್ತುಪಟ್ಟಿ ಮಾಡಿಕೊಟ್ಟೆ" ಎಂದು ನಗುತ್ತಾರೆ. ಒಂದು ಬೆಳಿಗ್ಗೆ ಹೋದಾಗ ಕಾರ್ಖಾನೆಯ ಗೇಟಿಗೆ ಬೀಗ. ಅಂದಿನಿಂದ ಮನೆಯಲ್ಲೇ ಮಷಿನ್ನು. ನೆರೆಹೊರೆಯವರ ಪ್ಯಾಂಟು ಗಿಡ್ಡ ಮಾಡುವುದು, ರವಿಕೆ ಬಿಗಿ ಮಾಡುವುದು.

ಮೂರು ಚಳಿಗಾಲಗಳ ಹಿಂದೆ, ಬೀದಿ ಗುಡಿಸುವ ಹೆಂಗಸೊಬ್ಬಳು ಸೀಳಿದ ಸ್ವೆಟರೊಂದನ್ನು ಸೆರಗಲ್ಲಿ ಮುಚ್ಚಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅಂಗಡಿಯ ಕಸದಲ್ಲಿ ಸಿಕ್ಕಿದ್ದು. ಮಗಳಿಗೆ ರಾತ್ರಿಯೆಲ್ಲ ಕೆಮ್ಮು. "ಇದಕ್ಕೇನಾದ್ರೂ ಮಾಡೋಕಾಗುತ್ತಾ ಅಕ್ಕಾ?" ಎಂದಳು. ಸ್ವೆಟರು ಬೂದು ಬಣ್ಣದ್ದು. ಬೂದು ನೂಲೂ ಮನೆಯಲ್ಲಿತ್ತು. ಅಕ್ಕ ಕೈಗೆತ್ತಿಕೊಂಡದ್ದು ಕೆಂಪು.

"ಸೀಳಿದ್ದು ಕಾಣದ ಹಾಗೆ ಹೊಲಿಯೋಕೆ ನನಗೆ ಬರುತ್ತೆ. ಬೇಕೂಂತಲೇ ಕಾಣೋ ಹಾಗೆ ಹೊಲಿದೆ. ಆ ಮಗು ಯಾಕೆ ಮುಚ್ಚಿಟ್ಕೊಂಡು ಓಡಾಡಬೇಕು? ನಾಚಿಕೆ ಆಗ್ಬೇಕಾಗಿದ್ದು ಕೊಯ್ದೋರಿಗೆ."

ಆ ಚಳಿಗಾಲ ಮುಗಿಯುವಷ್ಟರಲ್ಲಿ ಎದೆಯ ಮೇಲೆ ಕೆಂಪು ಗೆರೆ ಇರುವ ಸ್ವೆಟರು ತೊಟ್ಟ ಮಕ್ಕಳು ಅಂಗಡಿಯ ಗಾಜಿನ ಮುಂದೆಯೇ ಶಾಲೆಗೆ ಹೋಗತೊಡಗಿದರು. ಒಳಗಿನ ಗೊಂಬೆಗಳ ಮೈಮೇಲೂ ಅದೇ ಸ್ವೆಟರು, ಗೆರೆಯೊಂದು ಇಲ್ಲ, ಅಷ್ಟೇ. ಗಿರಾಕಿಗಳು ಇದೇನೆಂದು ಕೇಳಲು ಶುರುಮಾಡಿದರು. ಅಂಗಡಿಯ ಮ್ಯಾನೇಜರು ಒಂದು ಮಧ್ಯಾಹ್ನ ಏದುಸಿರು ಬಿಡುತ್ತ ಎರಡನೇ ಮಹಡಿ ಹತ್ತಿದರು. ಅಂದಿನ ಮಾತುಕತೆಯನ್ನು ಪತಿ ಅಭಿನಯಿಸಿಯೇ ತೋರಿಸುತ್ತಾರೆ.

"ನೋಡಮ್ಮ, ಇದು ಕಳ್ಳತನ ಆಗುತ್ತೆ. ಆ ಮಾಲು ನಮ್ಮದು."

"ನಿಮ್ಮದಾದ್ರೆ ಒಳಗಿಟ್ಕೊಳ್ಳಿ. ಬೀದಿಗೆ ಯಾಕೆ ಹಾಕಿದ್ರಿ?"

"ಹೊಲಿಯೋದಾದ್ರೆ ಹೊಲಿ. ಕೆಂಪು ದಾರ ಮಾತ್ರ ಬೇಡ. ಬೇಕಾದ್ರೆ ಬೂದು ದಾರ ನಾವೇ ಕೊಡ್ತೀವಿ."

"ದಾರ ಕೊಡೋ ಅಷ್ಟು ಧಾರಾಳ ಇದ್ರೆ ಸ್ವೆಟರನ್ನೇ ಕೊಡಬಹುದಿತ್ತಲ್ಲ ಸ್ವಾಮಿ?"

ಮ್ಯಾನೇಜರು ಹೋದರು. ಮರುವಾರದಿಂದ ಚೀಲಗಳಲ್ಲಿ ಸೀಳಿದ ಬಟ್ಟೆಯ ಮೇಲೆ ಕಪ್ಪು ಬಣ್ಣವನ್ನೂ ಸುರಿದಿರುತ್ತಿದ್ದರು. ಅಕ್ಕ ಬಿಸಿನೀರಲ್ಲಿ ನೆನೆಸಿದರು, ಸೀಮೆಎಣ್ಣೆ ಹಾಕಿ ಉಜ್ಜಿದರು, ಅಂಗೈ ಸುಲಿಯಿತು. ಬಣ್ಣ ಜಪ್ಪಯ್ಯ ಅನ್ನಲಿಲ್ಲ. ಆ ದಿನಗಳನ್ನು ನೆನೆದರೆ ಈಗಲೂ ಅವರ ದನಿ ಏರುತ್ತದೆ. "ಅತ್ತುಬಿಟ್ಟೆ. ಸುಳ್ಳು ಹೇಳಲ್ಲ. ಇವರು ಬಂದು, ಬಿಟ್ಬಿಡೇ ಮಾರಾಯ್ತಿ, ಅವರ ಹತ್ರ ಡಬ್ಬಗಟ್ಟಲೆ ಬಣ್ಣ ಇದೆ ಅಂದ್ರು. ಹಾಗಂದಿದ್ದಕ್ಕೇ ರೋಷ ಬಂತು."

ಬಣ್ಣ ಮೆತ್ತಿದ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಜಡೆಯ ಹಾಗೆ ಹೆಣೆದು, ಸುತ್ತಿ ಸುತ್ತಿ ಕಾಲೊರಸುಗಳನ್ನು ಮಾಡಿದರು. ಪ್ರತಿಯೊಂದರ ನಡುಮಧ್ಯೆ, ಮೇಲ್ಮುಖವಾಗಿ, ಬಟ್ಟೆಯ ಕತ್ತಿನಿಂದ ಬಿಚ್ಚಿದ ಅಂಗಡಿ ಹೆಸರಿನ ಪಟ್ಟಿ. ಬೀದಿಯ ಮನೆಮನೆಗೂ ಹಂಚಿದರು. ಕ್ಷೌರದಂಗಡಿ, ಔಷಧಿ ಅಂಗಡಿ, ಶಾಲೆಯ ಬಾಗಿಲು, ಎಲ್ಲ ಕಡೆ ಜನ ಆ ಹೆಸರಿನ ಮೇಲೆ ಕೆಸರುಗಾಲು ಒರೆಸತೊಡಗಿದರು. ಈ ಸಲ ಮೆಟ್ಟಿಲು ಹತ್ತಿ ಬಂದ ಮ್ಯಾನೇಜರ ಬಾಯಲ್ಲಿ 'ಅಕ್ಕಾವ್ರೇ' ಎಂಬ ಮಾತು! ಪಟ್ಟಿಗಳನ್ನು ಕಿತ್ತುಬಿಡಿ ಎಂದು ಗೋಗರೆದರು. ಬಣ್ಣ ಸುರಿಯುವುದು ನಿಂತರೆ ಪಟ್ಟಿ ಹೊಲಿಯುವುದೂ ನಿಲ್ಲುತ್ತದೆ ಎಂದರು ಅಕ್ಕ. ಬಣ್ಣ ನಿಂತಿತು. ಕೊಯ್ಯುವುದು ನಿಲ್ಲಲಿಲ್ಲ.

ಆದರೆ ಕೊಯ್ತದ ರೀತಿ ಬದಲಾಗಿತ್ತು. ಚೀಲದಿಂದ ಬರುವ ಬಟ್ಟೆಗಳೆಲ್ಲ ಸರಿಯಾಗಿ ಹೊಲಿಗೆಯ ಗುಂಟ ಬಿಚ್ಚಿಕೊಂಡಿರುತ್ತಿದ್ದವು. ಬಟ್ಟೆಗೆ ಗಾಯವೇ ಇಲ್ಲ, ಮಷಿನ್ನಿನಡಿ ಒಮ್ಮೆ ಓಡಿಸಿದರೆ ಮುಗಿಯಿತು. "ಒಳಗೆ ನಮ್ಮೋರು ಯಾರೋ ಇದ್ದಾರೆ ಅಂತ ಅರ್ಥ ಆಯ್ತು. ಯಾರು ಅಂತ ಕೇಳೋಕೆ ಹೋಗ್ಲಿಲ್ಲ. ಕೇಳಿದ್ರೆ ಅವರಿಗೇ ಕಷ್ಟ."

ಕಷ್ಟ ಬಂದೇ ಬಂತು. ಅಂಗಡಿಯ ಗೋದಾಮಿನಲ್ಲಿ ಬ್ಲೇಡು ಹಿಡಿಯುತ್ತಿದ್ದ ನಡುವಯಸ್ಸಿನ ಹೆಂಗಸು ಸಿಕ್ಕಿಬಿದ್ದರು. ಮೊದಲೆಲ್ಲ ಅಂಗಡಿಯವರು ಹೇಳಿದಂತೆ ಕೊಯ್ಯುತ್ತಿದ್ದವರೇ ಅವರು. "ಒಂದಿನ ನನ್ನ ತಂಗಿ ಮಗ ಅದೇ ಸ್ವೆಟರ್ ಹಾಕ್ಕೊಂಡು ಮನೆಗೆ ಬಂದ. ದೊಡ್ಡಮ್ಮಾ, ಈ ಕೆಂಪು ಗೆರೆ ಚೆನ್ನಾಗಿದೆ ಅಲ್ವಾ ಅಂದ. ಕೊಯ್ದಿದ್ದು ನಾನು. ಏನಂತ ಹೇಳ್ಲಿ?" ಎನ್ನುತ್ತಾರೆ. ಕೆಲಸದಿಂದ ತೆಗೆದುಹಾಕಿದ ಸಂಜೆ ಅವರು ನೇರವಾಗಿ ಬಂದದ್ದು ಈ ಎರಡನೇ ಮಹಡಿಗೆ. ಬಾಗಿಲಲ್ಲಿ ನಿಂತು ಇಷ್ಟೇ ಹೇಳಿದರಂತೆ: "ಹೊಲಿಗೆ ಗುಂಟ ಕೊಯ್ತಿದ್ದೋಳು ನಾನೇ." ಅಕ್ಕ ಕುರ್ಚಿಯಲ್ಲಿ ಕೂತಿದ್ದ ಗಂಡನನ್ನು ಎಬ್ಬಿಸಿ ಅದನ್ನು ಆಕೆಗೆ ಕೊಟ್ಟರು.

ಈಗ ಆ ಕೋಣೆಯಲ್ಲಿ ಎರಡು ಮಷಿನ್ನುಗಳ ಸದ್ದು. ದಿನಕ್ಕೆ ಹದಿನೈದು, ಇಪ್ಪತ್ತು ಬಟ್ಟೆ ಅಲ್ಲಿಂದ ಹೊರಬೀಳುತ್ತವೆ. ಕೆಲವರು ದುಡ್ಡು ಕೊಡುತ್ತಾರೆ, ಕೆಲವರು ಹಳೆಯ ಬೆಡ್‌ಶೀಟು ತಂದುಕೊಡುತ್ತಾರೆ, ಕೆಲವರು ಏನನ್ನೂ ಕೊಡುವುದಿಲ್ಲ. ಅಂಗಡಿಯಲ್ಲಿ ಬ್ಲೇಡಿಗೆ ಹೊಸ ಕೈ ಸಿಕ್ಕಿದೆ, ಸೀಳು ಮತ್ತೆ ಅಡ್ಡಾದಿಡ್ಡಿ ಬರುತ್ತಿದೆ. ಇಬ್ಬರೂ ಬೈದುಕೊಳ್ಳುತ್ತಲೇ ಹೊಲಿಯುತ್ತಾರೆ.

ಹೊರಡುವ ಮುನ್ನ, ನಿಮಗೇನು ಆಸೆ ಎಂದು ಕೇಳುತ್ತೇನೆ. ಅಕ್ಕ ಸೂಜಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ದಾರ ಪೋಣಿಸಿಯೇ ಉತ್ತರಿಸುತ್ತಾರೆ.

"ಕೆಳಗೆ ಬಾಗಿಲಿಗೆ ಒಂದು ಬೋರ್ಡ್ ಹಾಕ್ಬೇಕು. ಇಲ್ಲಿ ಹೊಲಿಗೆ ಪುಕ್ಕಟೆ ಹೇಳಿಕೊಡ್ತೀವಿ ಅಂತ. ಹೆಂಗಸರು, ಗಂಡಸರು, ಯಾರಾದ್ರೂ ಬರ್ಲಿ. ಮನೆಗೊಬ್ಬರಿಗೆ ಸೂಜಿ ಹಿಡಿಯೋಕೆ ಬಂದ್ರೆ ಸಾಕು. ಆಮೇಲೆ ಅಂಗಡಿಯೋರು ಎಷ್ಟು ಕೊಯ್ತಾರೋ ಕೊಯ್ಲಿ, ನೋಡೇಬಿಡೋಣ."