ಸೋರೆಬುರುಡೆ ಕೇಳಲು ಬಂದವರು

ಕಾನ್ಯೆ ಊರಿನಲ್ಲಿ ಹೆಣ್ಣು ಕೇಳಲು ಹೊರಡುವ ಹೆಂಗಸರೆಲ್ಲ ಮೊದಲು ಬೊಯಿಕುಟ್ಸೊಳ ಅಂಗಳಕ್ಕೆ ಬರುತ್ತಿದ್ದರು. ಹೆಣ್ಣು ಕೇಳುವಾಗ ಆಡಬೇಕಾದ ಹಳೆಯ ಸೆಟ್ಸ್ವಾನಾ ಭಾಷೆಯ ಮಾತೆಲ್ಲ ಅವಳಿಗೆ ನಾಲಗೆಯ ತುದಿಯಲ್ಲೇ ಇತ್ತು. ಕಲಿಸುವುದಕ್ಕೆ ಮಾತ್ರ ಅವಳು ಬೇಕು, ಕೇಳುವ ದಿನ ಬೇಡ. ಆ ಕೆಲಸಕ್ಕೆ ಮದುವೆಯಾದವರೇ ಹೋಗಬೇಕು. ಅಡುಗೆ ಮಾಡಿದವಳನ್ನೇ ಪಂಕ್ತಿಯಿಂದ ಎಬ್ಬಿಸುವ ನ್ಯಾಯ ಇದು.

ಅವಳಿಗೂ ಒಬ್ಬನಿದ್ದ, ಕೆಬಾದಿರೆ. ಮಳೆ ಬಿದ್ದ ಮೇಲೆ ನಿನ್ನನ್ನು ಕೇಳಲು ನಮ್ಮ ಮನೆಯವರನ್ನು ಕಳಿಸುತ್ತೇನೆ ಎಂದು ಜೋಹಾನ್ಸ್‌ಬರ್ಗಿನ ಗಣಿಗೆ ಹೋದವನು, ನಲವತ್ತೊಂದು ಮಳೆಗಾಲ ಕಳೆದರೂ ಪತ್ತೆಯಿಲ್ಲ. ಓರಗೆಯವರೆಲ್ಲ ಚೊಚ್ಚಲ ಮಗುವಿನ ಹೆಸರು ಹೊತ್ತು ಇಂಥವರ ತಾಯಿ ಎನಿಸಿಕೊಂಡರು. ಇವಳು ಬರೀ ಬೊಯಿಕುಟ್ಸೊ ಆಗಿಯೇ ಉಳಿದಳು. ತನ್ನನ್ನೂ ಯಾರಾದರೂ ಬಂದು ಕೇಳಬೇಕೆಂಬ ಆಸೆ ಮಾತ್ರ, ತಲೆ ನೆರೆತರೂ ನೆರೆಯಲಿಲ್ಲ.

ಈ ಸಲ ಬಂದವಳು ಇದೇ ಊರಿನ ಸೊಸೆ, ರಾಜಧಾನಿ ಗ್ಯಾಬರೋನ್‌ನ ಬ್ಯಾಂಕಿನಲ್ಲಿ ಕೆಲಸ ಮಾಡುವ ಮ್ಮಾತುಮೊ. ನಾಳೆ ಬೆಳಿಗ್ಗೆ ಮೈದುನನಿಗೆ ಹೆಣ್ಣು ಕೇಳಬೇಕು. ಮಾತಾಡಬೇಕಿದ್ದ ಗಂಡನ ಸೋದರತ್ತೆ ಜ್ವರ ಬಂದು ಮಲಗಿದ್ದರಿಂದ ಆ ಕೆಲಸ ಇವಳ ಪಾಲಿಗೆ ಬಂದಿತ್ತು.

ಅಭ್ಯಾಸ ಮಾಡಿಸಲು ಬೊಯಿಕುಟ್ಸೊ ಹೆಣ್ಣಿನ ಕಡೆಯವಳಾಗಿ ಕುರ್ಚಿಯಲ್ಲಿ ಕೂತಳು. "ಹೂಂ, ಏನು ಬಂದ್ರಿ?"

"ನಿಮ್ಮ ಹುಡುಗೀನ ನಮ್ಮ ಹುಡುಗನಿಗೆ..."

"ಅಯ್ಯೋ ನಿನ್ನ! ಹುಡುಗಿ ಅಂತ ಬಾಯಿ ಬಿಟ್ಟು ಅಂದ್ಬಿಟ್ಯಾ? ಗೇಟಿಂದ್ಲೇ ಓಡಿಸ್ತಾರೆ. ಚಪ್ಪಲಿ ಬಿಡು, ಕಾಲು ಚಾಚಿ ನೆಲದ ಮೇಲೆ ಕೂರು. ನೀರು ತುಂಬೋ ಸೋರೆಬುರುಡೆ ಕೇಳೋಕೆ ಬಂದ್ವಿ ಅನ್ನು."

ಮ್ಮಾತುಮೊ ಅಂದಳು.

"ಕೇಳಿಸ್ಲಿಲ್ಲ."

ಮತ್ತೆ ಅಂದಳು.

"ಇನ್ನೊಂದ್ಸಲ."

ಎಲ್ಲರಿಂದಲೂ ಮೂರು ಸಲ ಹೇಳಿಸುತ್ತಿದ್ದಳು. ಮುದುಕಿಗೆ ಕಿವಿ ಮಂದ ಎಂದು ಊರಿನವರು ನಗುತ್ತಿದ್ದರು. ಮೂರನೆಯ ಸಲ ಹೇಳಿ ಮ್ಮಾತುಮೊ ತಲೆ ಎತ್ತಿ ನೋಡಿದರೆ, ಬೊಯಿಕುಟ್ಸೊ ಕಣ್ಣು ಮುಚ್ಚಿ ಕೂತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಕೆಬಾದಿರೆಯ ಕಥೆ ಊರಲ್ಲಿ ಯಾರಿಗೆ ಗೊತ್ತಿಲ್ಲ?

ಮ್ಮಾತುಮೊ ಎದ್ದು ಗೇಟಿನಾಚೆ ಹೋದಳು. ಶಾಲು ಸರಿಯಾಗಿ ಹೊದ್ದು, ಹೊರಗಿನಿಂದ ಕೂಗಿ, ಚಪ್ಪಲಿ ಬಿಟ್ಟು ಬಂದು ಕಾಲು ಚಾಚಿ ಕೂತಳು.

"ದೊಡ್ಡಮ್ಮಾ, ನಾವು ಕೆಬಾದಿರೆ ಕಡೆಯೋರು. ನೀರು ತುಂಬೋ ಸೋರೆಬುರುಡೆ ಕೇಳೋಕೆ ಬಂದಿದೀವಿ."

ಊರಿಗೆಲ್ಲ ಮಾತು ಕಲಿಸಿದವಳು ಈ ಸಲ ಕೇಳಿಸಲಿಲ್ಲ ಅನ್ನಲಿಲ್ಲ. ಸೆರಗಿನಂತೆ ಹೆಗಲ ಮೇಲಿದ್ದ ಬಟ್ಟೆಯಿಂದ ಮುಖ ಒರೆಸಿಕೊಂಡಳು.

"ಸೋರೆಬುರುಡೆ ಇಲ್ಲೇ ಇದೆ ಕಣಮ್ಮಾ," ಎಂದಳು. "ಎಷ್ಟು ತಡ ಮಾಡ್ಬಿಟ್ರಿ."