ಪಾತಾಳಗರಡಿಗೆ ಸಿಕ್ಕಿದ್ದು

ಬೆಳಕೇ ಇಳಿಯದಷ್ಟು ಆಳದ ಸಮುದ್ರದ ತಳದಲ್ಲೂ ಪ್ಲಾಸ್ಟಿಕ್ ಕವರು ಬಿದ್ದಿವೆಯಂತೆ. ಪೇಪರಿನಲ್ಲಿ ಓದಿದವರೊಬ್ಬರು ಹೇಳಿ ಬೆರಗಾದರು. ನನಗೆ ಬೆರಗೇನೂ ಆಗಲಿಲ್ಲ, ಸಿಟ್ಟು ಬಂತು. ಸಮುದ್ರದ ಗಾಳಿಯೂ ಸೋಕದ ನಮ್ಮ ಮೊಳಕಾಲ್ಮುರು ಸೀಮೆಯಲ್ಲಿ ಆ ಘನಕಾರ್ಯವನ್ನು ತೊಂಬತ್ತರ ದಶಕದಲ್ಲೇ ಒಂದು ಬಾವಿಯೊಳಗೆ ಮಾಡಿ ಮುಗಿಸಿದ್ದೆವು.

ಕೊಂಡ್ಲಹಳ್ಳಿ ಕಡೆಯ ನಮ್ಮೂರಲ್ಲಿ ಇಡೀ ಕೇರಿಗೆ ಅದೊಂದೇ ಸಿಹಿನೀರಿನ ಬಾವಿ. ಬೋರಿನ ನೀರು ಉಪ್ಪು. ಪಾತ್ರೆ ತೊಳೆಯಲು, ಎಮ್ಮೆ ಮೈ ತಿಕ್ಕಲು ಸರಿ. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ನಮ್ಮ ದೊಡ್ಡಪ್ಪ ಇಳಿದು ಹೂಳು ತೆಗೆಯುತ್ತಿದ್ದರು. ಸೆಲೆ ಬಿಟ್ಟುಕೊಂಡು ಹೊಸ ನೀರು ಜಿನುಗುತ್ತಿತ್ತು.

ಒಂದು ವರ್ಷ, ಬೇಸಿಗೆ ಏರುವ ಮುಂಚೆ, ಅವ್ವನ ಹಿತ್ತಾಳೆ ಕೊಡ ಜಾರಿ ಬಾವಿಗೆ ಬಿತ್ತು. ದೊಡ್ಡಪ್ಪ ಪಾತಾಳಗರಡಿ ತಂದರು. ಅದು ಕಬ್ಬಿಣದ ಕೊಕ್ಕೆಗಳ ಗೊಂಚಲು. ಹಗ್ಗ ಕಟ್ಟಿ ಇಳಿಬಿಟ್ಟು ತಳ ಕೆದಕಿದರೆ ಕೊಡದ ಕಂಠಕ್ಕೆ ಸಿಕ್ಕಿಕೊಳ್ಳುತ್ತದೆ. ಆವತ್ತು ಮೊದಲು ಸಿಕ್ಕಿದ್ದು ಗಂಟು ಹಾಕಿದ ಕವರು. ಬಿಚ್ಚಿದರೆ ಬಣ್ಣ ಹೋದ ದೇವರ ಪಟ, ಒಡೆದ ಗಾಜು, ಪ್ಲಾಸ್ಟಿಕ್ ಹಾರ. ಹಿಂದೆಯೇ ಇನ್ನೊಂದು, ಮತ್ತೊಂದು. ಕೊಡ ಎಲ್ಲಕ್ಕಿಂತ ಕೊನೆಗೆ ಬಂತು, ಅದರ ಕಂಠಕ್ಕೂ ಒಂದು ಶಾಂಪೂ ಪ್ಯಾಕೆಟ್ಟು ಅಂಟಿತ್ತು.

ದೊಡ್ಡಪ್ಪ ಎಲ್ಲವನ್ನೂ ಬಾವಿಕಟ್ಟೆಯ ಮೇಲೆ ಹರಡಿ ಕೇರಿಯನ್ನು ಕೂಗಿ ಕರೆದರು. ಬಂದವರೆಲ್ಲ ಪಟಗಳಿಗೆ ಕೈಮುಗಿದರು. ನಮ್ಮದು ಅಂದವರಿಲ್ಲ.

ಪಕ್ಕದ ಮನೆಯ ಚಿಕ್ಕಮ್ಮ ಮಾತ್ರ ಬಾಯಿಬಿಟ್ಟಳು: “ಏನ್ ಭಾವ, ದೇವ್ರ ಪಟ ತಿಪ್ಪೆಗೆ ಎಸೆಯಾಕಾಗುತ್ತಾ? ಗಂಗಮ್ಮಗೆ ಒಪ್ಪಿಸ್ತೀವಪ್ಪ.”

“ದೇವ್ರುನ್ನ ಒಪ್ಪಿಸ್ದೆ, ಸರಿ ಕಣವ್ವ. ಆ ಕವರ್‌ಗೂ ಮುಕ್ತಿ ಬೇಕಿತ್ತಾ?” ಎಂದರು ದೊಡ್ಡಪ್ಪ.

“ಮತ್ತೆ ಒಡೆದ ಗಾಜು ಬರಿಗೈಲಿ ಹಿಡ್ಕಂಡು ಬರ್ಲಾ? ಕೈ ಕೊಯ್ಯಲ್ವಾ?”

ಜನ ನಕ್ಕರು. ದೊಡ್ಡಪ್ಪ ನಗಲಿಲ್ಲ. “ನಿನ್ ಕೈ ಕೊಯ್ಬಾರ್ದು, ನಾನು ಬರಿಗಾಲಲ್ಲಿ ಇಳೀಬೇಕು. ಅಲ್ವೇನವ್ವ? ಅವರವರದ್ದು ಅವರವರು ಮನೆಗೆ ಒಯ್ರಿ. ಅಲ್ಲೀತಂಕ ನಾನು ಹೂಳು ತೆಗಿಯಲ್ಲ.”

ಆ ಪಟಗಳಲ್ಲಿ ಒಂದು ನಮ್ಮ ಮನೆಯದೇ. ನಡುಮನೆಯ ಗೋಡೆಯ ಮೇಲೆ ಅದನ್ನು ನೋಡುತ್ತಲೇ ನಾನು ಬೆಳೆದದ್ದು. ಅವ್ವ ಮುಖ ಕೆಂಪಗೆ ಮಾಡಿಕೊಂಡು ಅದನ್ನೆತ್ತಿ ಸೆರಗಿನಲ್ಲಿ ಮುಚ್ಚಿ ಮನೆಗೆ ತಂದಳು. ಉಳಿದವರು ಕೈಬೀಸಿಕೊಂಡು ಹೋದರು.

ಮಾರನೆಯ ದಿನ ದೊಡ್ಡಪ್ಪ ಶೇಂಗಾ ಹೇರಿಕೊಂಡು ಚಳ್ಳಕೆರೆಗೆ ಹೋಗಿದ್ದರು. ಸಂಜೆ ಬಂದು ನೋಡಿದರೆ ಕಟ್ಟೆ ಖಾಲಿ.

“ಪರವಾಗಿಲ್ಲ ಕಣೋ, ಮಾನ ಐತೆ ಜನಕ್ಕೆ,” ಎಂದು ನನ್ನ ಬೆನ್ನು ತಟ್ಟಿದರು. ಆದರೂ ಒಂದು ಸಲ ಪಾತಾಳಗರಡಿ ಇಳಿಬಿಟ್ಟರು. ಹಗ್ಗ ಎಳೆಯಲು ನಮ್ಮಿಬ್ಬರ ತ್ರಾಣವೂ ಬೇಕಾಯಿತು. ಬಂದದ್ದು ಅದೇ ಪಟಗಳ ಗಂಟು. ಇನ್ನು ಮೇಲೇಳಬಾರದೆಂದು ಒಳಗೊಂದು ಗುಂಡುಕಲ್ಲು ಬೇರೆ ಕಟ್ಟಿದ್ದರು!

ಆ ಬೇಸಿಗೆ ದೊಡ್ಡಪ್ಪ ಬಾವಿಗೆ ಇಳಿಯಲಿಲ್ಲ. ಕಲ್ಲು ಕಟ್ಟಿದವರೂ ನಾವೂ ಒಂದೇ ಸಾಲಿನಲ್ಲಿ ನಿಂತು ಬೋರಿನ ಉಪ್ಪುನೀರು ಹಿಡಿದು ಕುಡಿದೆವು.