ಟೈಪಕ್ಕನ ಕಂಪ್ಯೂಟರ್ ಮಾತು ಬಿಟ್ಟದ್ದು

ನಮ್ಮ ಆಸ್ಪತ್ರೆಯ ನೆಲಮಹಡಿಯಲ್ಲಿ ಎಕ್ಸ್‌-ರೇ ಕೋಣೆ ದಾಟಿ ಬಲಕ್ಕೆ ತಿರುಗಿದರೆ ಒಂದು ಉದ್ದನೆಯ ಕೋಣೆ ಇದೆ. ಅದರಲ್ಲಿ ಅರ್ಧ ನನ್ನದು. ಕಬ್ಬಿಣದ ಕಪಾಟುಗಳು, ಅವುಗಳ ತುಂಬ ಹಳೇ ಕಡತಗಳು. ಇನ್ನರ್ಧದಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ, ಟೈಪಕ್ಕ. ಆ ಕಿಟಕಿಯ ಮೇಲೆ ಎಲ್ಲರಿಗೂ ಕಣ್ಣು. "ನಿನಗ್ಯಾಕೆ ಅಕ್ಕಾ ಕಿಟಕಿ?" ಅಂತ ಒಮ್ಮೆ ತಮಾಷೆಗೆ ಕೇಳಿದ್ದೆ. "ಗಾಳಿ ಕುಡಿಯೋಕೂ ಕಣ್ಣು ಬೇಕಾ?" ಅಂದಳು. ಆಮೇಲೆ ಆ ಜಾಗದ ಮಾತು ನಾನು ಎತ್ತಲಿಲ್ಲ.

ಟೈಪಕ್ಕನಿಗೆ ಕಣ್ಣು ಕಾಣುವುದಿಲ್ಲ. ಹದಿನೇಳರವರೆಗೆ ಚೆನ್ನಾಗಿಯೇ ಕಾಣುತ್ತಿತ್ತಂತೆ. ಆಮೇಲೆ ನೋಟ ಅಂಚಿನಿಂದ ಸವೆಯುತ್ತ ಬಂದು ಎರಡು ವರ್ಷದಲ್ಲಿ ಪೂರ್ತಿ ಹೋಯಿತು. ಆಗ ಅವಳು ಟೈಪಿಂಗ್ ಶಾಲೆಗೆ ಹೋಗುತ್ತಿದ್ದಳು. ಮೇಷ್ಟ್ರು ಮರುಕದಿಂದ, "ಇನ್ನು ಇದೆಲ್ಲ ಯಾಕಮ್ಮ, ಮನೇಲಿ ಆರಾಮಾಗಿರು" ಅಂದರಂತೆ. "ಕೀಲಿ ನೋಡ್ಕೊಂಡು ಹೊಡೆದ್ರೆ ಬೆರಳ ಮೇಲೆ ಬಾರಿಸ್ತಿದ್ದವರು ನೀವೇ ಅಲ್ವಾ ಸರ್? ಈಗ ನೋಡಲ್ಲ. ಕಲಿಸಿ" ಅಂದಳಂತೆ ಇವಳು.

ಆಸ್ಪತ್ರೆಯ ಸಂದರ್ಶನಕ್ಕೆ ಬಂದಾಗ ಮೇಜಿನಾಚೆ ಕೂತವರೊಬ್ಬರು, "ದಿನಾ ನಿಮಗೆ ದಾರಿ ತೋರಿಸೋರು ಯಾರು?" ಅಂತ ಕೇಳಿದ್ದರು. "ಮೊದಲನೇ ದಿನ ಯಾರಾದ್ರೂ ತೋರಿಸಿ. ಎರಡನೇ ದಿನ ಕರೆಂಟ್ ಹೋದ್ರೆ ನಾನೇ ನಿಮಗೆ ತೋರಿಸ್ತೀನಿ" ಅಂದಳು. ಕೆಲಸ ಸಿಕ್ಕಿತು. ಅದಾಗಿ ಇಪ್ಪತ್ತೆರಡು ವರ್ಷ.

ಅವಳ ಕೆಲಸ ಏನೆಂದರೆ, ವೈದ್ಯರು ರೋಗಿಯನ್ನು ನೋಡಿ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿ ವರದಿಯಾಗಿ ಟೈಪ್ ಮಾಡುವುದು. ಒಂದು ಕಿವಿಯಲ್ಲಿ ವೈದ್ಯರ ದನಿ. ಇನ್ನೊಂದು ಕಿವಿಯಲ್ಲಿ ಕಂಪ್ಯೂಟರಿನ ದನಿ. ಪರದೆ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ ಅದರಲ್ಲಿತ್ತು. ಅದನ್ನು ಅವಳು ಎಷ್ಟು ವೇಗಕ್ಕೆ ಇಟ್ಟುಕೊಂಡಿದ್ದಳೆಂದರೆ, ಹೆಡ್‌ಫೋನ್ ನನ್ನ ಕಿವಿಗೆ ಹಾಕಿಕೊಂಡಾಗ ಜೇನುಗೂಡಿಗೆ ಕೈ ಹಾಕಿದ ಹಾಗಿತ್ತು. ಅವಳಿಗೆ ಅದರಲ್ಲಿ ಒಂದು ಅಲ್ಪವಿರಾಮವೂ ತಪ್ಪುತ್ತಿರಲಿಲ್ಲ. "ಎಡ ಮೊಣಕಾಲು" ಅಂತ ಶುರುಮಾಡಿ ನಡುವೆ "ಬಲ ಮೊಣಕಾಲು" ಅಂದ ಮೂಳೆ ಡಾಕ್ಟರಿಗೆ ಅವಳು ಫೋನ್ ಮಾಡಿ, "ಸರ್, ಯಾವ ಕಾಲು ಕೊಯ್ಯೋದು ಅಂತ ತೀರ್ಮಾನ ಮಾಡ್ಕೊಳ್ಳಿ" ಅಂದದ್ದು ನಾನೇ ಕೇಳಿದ್ದೇನೆ.

ಆ ವರ್ಷ ಆಸ್ಪತ್ರೆಯ ಕಂಪ್ಯೂಟರ್‌ಗಳೆಲ್ಲ ನಿಧಾನವಾಗಿವೆ ಎಂಬ ದೂರು ಬಂತು. ನಮ್ಮಲ್ಲಿ ಎಲ್ಲವೂ ವಿಂಡೋಸ್ ಬದಲಿಗೆ ಲಿನಕ್ಸ್ ಮೇಲೆ ಓಡುವ ಯಂತ್ರಗಳು. ಅದನ್ನು ನೋಡಿಕೊಳ್ಳುವ ಅಧಿಕಾರಿಯನ್ನು ಎಲ್ಲರೂ ಸಿಸ್ಟಮ್ ಸರ್ ಅನ್ನುತ್ತಿದ್ದೆವು. ಕೆಟ್ಟವರಲ್ಲ. ಆದರೆ ಎದುರಿಗಿರುವ ಮನುಷ್ಯರಿಗಿಂತ ಕೈಯಲ್ಲಿರುವ ಪಟ್ಟಿಯನ್ನು ಹೆಚ್ಚು ನಂಬುವ ಜಾತಿ. ಅವರು ಪರದೆಯ ಚಹರೆ ನೋಡಿಕೊಳ್ಳುವ ಹಳೇ ಭಾರದ ಡೆಸ್ಕ್‌ಟಾಪ್ ತಂತ್ರಾಂಶ ತೆಗೆಸಿ ಹಗುರವಾದದ್ದೊಂದನ್ನು ಹಾಕಿಸಿದರು. ಜೊತೆಗೆ, ಬಳಕೆಯಲ್ಲಿಲ್ಲದ ತಂತ್ರಾಂಶಗಳನ್ನು ಪ್ರತಿ ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ತಾನೇ ಹುಡುಕಿ ಕಿತ್ತುಹಾಕುವ ಏರ್ಪಾಡು ಮಾಡಿದರು.

ಮೊದಲ ಭಾನುವಾರ ಕಳೆದು ಸೋಮವಾರ ಟೈಪಕ್ಕ ಬಂದು ಕೂತಳು, ಹೆಡ್‌ಫೋನ್ ಹಾಕಿದಳು, ಕೀಲಿ ಒತ್ತಿದಳು. ಇನ್ನೊಮ್ಮೆ ಒತ್ತಿದಳು.

"ನೋಡು, ಪರದೆ ಹತ್ತಿದೆಯಾ?"

"ಹತ್ತಿದೆ ಅಕ್ಕಾ. ಎಲ್ಲ ಸರಿ ಕಾಣ್ತಿದೆ."

"ನಿನಗೆ ಕಾಣ್ತಿದೆ. ನನಗೆ ಸತ್ತಿದೆ."

ಸಿಸ್ಟಮ್ ಸರ್ ಬಂದು ನೋಡಿದರು. ಓದುವ ತಂತ್ರಾಂಶವೂ ಇಲ್ಲ, ಅದಕ್ಕೆ ದನಿ ಕೊಡುವ ಪ್ಯಾಕೇಜೂ ಇಲ್ಲ. "ಬಳಕೆಯಲ್ಲಿಲ್ಲ ಅಂತ ತೆಗೆದುಬಿಟ್ಟಿದೆ" ಅಂದರು.

"ಎಷ್ಟೋ ವರ್ಷದಿಂದ ದಿನಕ್ಕೆ ಎಂಟು ಗಂಟೆ ಬಳಸ್ತಿದ್ದೀನಿ ಸರ್."

"ಅದು ಸಿಸ್ಟಮ್‌ಗೆ ಗೊತ್ತಾಗಲ್ಲ ಮೇಡಂ."

ಅವರು ಶನಿವಾರದ ಬ್ಯಾಕಪ್ ತಂದು ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿಗೆ ಬಾಯಿ ಬಂತು. ವಿಷಯ ಮುಗಿಯಿತು ಅಂದುಕೊಂಡೆವು. ಮುಂದಿನ ಸೋಮವಾರ ಅದೇ ರಾಗ, ಅದೇ ಹಾಡು. ಮತ್ತೆ ಮೂಕ.

ಈ ಸಲ ಸಿಸ್ಟಮ್ ಸರ್‌ಗೆ ಪುರುಸೊತ್ತಿರಲಿಲ್ಲ. "ಮುಂದಿನ ವಾರ ನೋಡೋಣ, ಅಲ್ಲಿವರೆಗೂ ರಜೆ ಹಾಕಿ" ಅಂತ ಫೋನಿನಲ್ಲಿ ಹೇಳಿದರು.

"ಕೆಟ್ಟಿರೋದು ಕಂಪ್ಯೂಟರ್. ರಜೆ ಅದಕ್ಕೆ ಕೊಡಿ" ಅಂತ ಟೈಪಕ್ಕ ಫೋನ್ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಕಪಾಟುಗಳ ಹಿಂದೆ ಹಳೇ ಟೈಪ್‌ರೈಟರ್ ಬಿದ್ದಿದೆ ಅಂದಿದ್ದೆಯಲ್ಲ, ಎಳಿ ಆಚೆ" ಅಂದಳು.

ಎಳೆದೆ. ಮೊಳದುದ್ದ ಧೂಳು. ಎಣ್ಣೆ ಬಿಟ್ಟು, ರಿಬ್ಬನ್ ಹುಡುಕಿ ತಂದು ಹಾಕಿದ ಮೇಲೆ ಶುರುವಾಯಿತು ನೋಡಿ ಸದ್ದು. ಮೇಲಿನ ಮಹಡಿಯ ನರ್ಸುಗಳು ಇಳಿದು ಬಂದು ಏನು ಗಲಾಟೆ ಅಂತ ಬಾಗಿಲಲ್ಲಿ ಇಣುಕಿದರು. ಐದು ದಿನ ಅವಳು ಕಾಗದದ ಮೇಲೆ ವರದಿ ಹೊಡೆದಳು. ಹೊಡೆದದ್ದನ್ನು ನಾನು ಅವಳಿಗೆ ಓದಿ ಹೇಳುತ್ತಿದ್ದೆ. ಅಕ್ಷರ ತಪ್ಪು ಬಹಳ ಕಡಿಮೆ. ಆದರೆ ವರದಿ ಕಂಪ್ಯೂಟರಿನಲ್ಲಿ ಸಿಗದೆ ವೈದ್ಯರು ಗೊಣಗತೊಡಗಿದರು. ಶುಕ್ರವಾರ ಆಡಳಿತದ ಮುಖ್ಯಸ್ಥೆಯಿಂದ ಕರೆ ಬಂತು. ನಾನೂ ಜೊತೆಗೆ ಹೋದೆ.

ಮುಖ್ಯಸ್ಥೆ ಮೃದುವಾಗಿಯೇ ಮಾತಾಡಿದರು. "ನಿಮಗೂ ವಯಸ್ಸಾಗ್ತಾ ಬಂತು. ವಿಚಾರಣೆ ಕೌಂಟರಿನಲ್ಲಿ ಕೂತ್ಕೊಳ್ಳಿ. ಫೋನ್ ಎತ್ತಿ ಮಾತಾಡೋದು, ಅಷ್ಟೆ. ಕಂಪ್ಯೂಟರ್ ರಗಳೆ ಇರಲ್ಲ. ಸಂಬಳ ಇಷ್ಟೇ ಇರುತ್ತೆ."

"ನನ್ನ ಕೆಲಸದಲ್ಲಿ ತಪ್ಪು ಏನಾದ್ರೂ ಬಂತಾ ಮೇಡಂ?"

"ಇಲ್ಲ ಇಲ್ಲ, ಹಾಗಲ್ಲ."

"ಹಾಗಾದ್ರೆ ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದು ಯಾಕೆ? ನಾನು ಕೌಂಟರಿಗೆ ಹೋಗಲ್ಲ. ಬಲವಂತ ಮಾಡಿದ್ರೆ ಕಾಗದದ ಮೇಲೆ ಕಾರಣ ಬರೆದುಕೊಡಿ. ಕಂಪ್ಯೂಟರ್ ತಪ್ಪು ಮಾಡಿತು, ಅದಕ್ಕೆ ಇವರನ್ನ ಎತ್ತಂಗಡಿ ಮಾಡಿದ್ದೀವಿ ಅಂತ."

ಮುಖ್ಯಸ್ಥೆ ಏನೂ ಬರೆದುಕೊಡಲಿಲ್ಲ.

ಅವತ್ತು ಸಂಜೆ ಟೈಪಕ್ಕ ನನಗೆ ಒಂದು ಕೆಲಸ ಹೇಳಿದಳು. ಭಾನುವಾರ ಏನೇನು ಕಿತ್ತೆ ಅಂತ ಕಂಪ್ಯೂಟರ್ ತನ್ನ ದಿನಚರಿಯಲ್ಲಿ ಬರೆದಿಟ್ಟಿರುತ್ತದೆ, ಅದನ್ನು ಮುದ್ರಿಸಿ ಕೊಡು ಅಂತ. ಅದು ಎಲ್ಲಿರುತ್ತದೆ ಎನ್ನುವುದನ್ನೂ ಅವಳೇ ಹೇಳಿದಳು. ಆರು ಹಾಳೆ ಬಂತು. ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವರಿಗೆ ಇಂಗ್ಲಿಷ್ ಅಕ್ಷರ ಗೊತ್ತು, ಪದ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ಮಿಷಿನ್ ಪಕ್ಕಕ್ಕೆ ಸರಿಸಿ ಕೂತು, ಅಳತೆಪಟ್ಟಿಯನ್ನು ಸಾಲಿನ ಕೆಳಗೆ ಹಿಡಿದು, ಆರು ಹಾಳೆಯನ್ನೂ ಒಂದೊಂದೇ ಅಕ್ಷರವಾಗಿ ಓದಿದರಂತೆ. ಅವರೇ ಆಮೇಲೆ ನನಗೆ ಹೇಳಿದ್ದು.

"ಎಲ್, ಐ, ಬಿ... ಎಷ್ಟು ಎಲ್-ಐ-ಬಿ ಇದೆಯೇ ಇದರಲ್ಲಿ? ಇವರ ಮನೆತನದ ಹೆಸರಾ?"

"ಹೂಂ ಅಂದ್ಕೊಳ್ಳಿ. ಮುಂದಕ್ಕೆ ಓದಿ ರೀ."

ಮೂರು ಗಂಟೆ ಹಿಡಿಯಿತು. ಅಕ್ಷರ ಅಕ್ಷರ ಕೂಡಿಸಿಕೊಂಡು ಟೈಪಕ್ಕ ಅಷ್ಟೂ ಹೆಸರನ್ನು ತಲೆಗೆ ಹಾಕಿಕೊಂಡಳು. ಆಗ ಅವಳಿಗೆ ಒಳಗುಟ್ಟು ಹೊಳೆಯಿತು. ಅದನ್ನು ಗಂಡನಿಗೆ ಹೀಗೆ ಬಿಡಿಸಿ ಹೇಳಿದಳಂತೆ: "ನನಗೆ ಓದಿ ಹೇಳೋ ತಂತ್ರಾಂಶ ಬೇಕು ಅಂತ ಯಾರೂ ಕೇಳಿ ಹಾಕಿಸಿದ್ದಲ್ಲ. ಹಳೇ ಡೆಸ್ಕ್‌ಟಾಪ್ ಬರುವಾಗ ಹೂವಿನ ಜೊತೆ ನಾರು ಬಂದ ಹಾಗೆ ಬಂದಿದ್ದು. ಹೂ ತೆಗೆದ್ರು. ಇನ್ನು ನಾರು ಯಾಕೆ ಅಂತ ಸಿಸ್ಟಮ್ ಅದನ್ನೂ ಎಸೀತು. ಇವರು ಬ್ಯಾಕಪ್ ಹಾಕಿದಾಗ 'ಇದು ಬರೀ ನಾರು' ಅನ್ನೋ ಗುರುತು ಕೂಡ ಹಾಗೇ ವಾಪಸ್ ಬಂತು. ಅದಕ್ಕೆ ಮತ್ತೆ ಎಸೀತು. ಇದನ್ನ ಹೆಸರು ಹೇಳಿ, ಬೇಕು ಅಂತ ಕೇಳಿ ಹಾಕಿಸಬೇಕು. ಆಮೇಲೆ ಅದು ಮುಟ್ಟಲ್ಲ."

"ನಾನು ಚೂರು ಬಟ್ಟೆ ಅಂತ ಎಸೆದಿದ್ದೇ ನಾಳೆ ಯಾರದೋ ಜೇಬಿಗೆ ಬೇಕಾಗೋದು" ಅಂತ ಹೇಳಿ ದರ್ಜಿ ಮಿಷಿನ್ ಮತ್ತೆ ಮುಂದಕ್ಕೆ ಎಳೆದುಕೊಂಡರು.

ಸೋಮವಾರ ಸಿಸ್ಟಮ್ ಸರ್ ಬಂದರು. ಟೈಪಕ್ಕ ಎಲ್ಲವನ್ನೂ ಹೇಳಿದಳು. ಅವರು ಕೇಳಿಸಿಕೊಂಡರು, ಆದರೆ ಒಪ್ಪಲಿಲ್ಲ. "ಒಂದೊಂದು ಮೇಜಿಗೂ ಒಂದೊಂದು ನಿಯಮ ಮಾಡೋಕಾಗಲ್ಲ ಮೇಡಂ. ನಾನು ಬ್ಯಾಕಪ್ಪೇ ಹಾಕ್ತೀನಿ. ಪ್ರತಿ ಸೋಮವಾರ ಬಂದು ಹಾಕಿಕೊಟ್ರಾಯ್ತಲ್ಲ."

"ಪ್ರತಿ ಸೋಮವಾರ ಮಧ್ಯಾಹ್ನದವರೆಗೂ ನಾನು ನಿಮ್ಮ ದಾರಿ ಕಾಯ್ತಾ ಕೂರಬೇಕಾ?"

ಅವರು ಅವಳ ಕುರ್ಚಿಯಲ್ಲಿ ಕೂತು, ಆಡಳಿತದ ಗುಪ್ತಪದ ಒತ್ತಿ ಒಳಗೆ ಹೋದರು. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ಎಲ್ಲೋ ಯಾವುದೋ ಯಂತ್ರ ನಿಂತಿತ್ತು. ಮಾತಾಡುತ್ತ ಮಾತಾಡುತ್ತ ಹಜಾರಕ್ಕೆ ಹೋದರು.

ಟೈಪಕ್ಕ ಕುರ್ಚಿ ಹಿಡಿದು ಕೂತಳು.

"ಅಕ್ಕಾ, ಬೇಡ" ಅಂದೆ.

"ಪರದೆಯ ಕೊನೇ ಸಾಲಿನ ತುದೀಲಿ ಯಾವ ಗುರುತಿದೆ?"

"ಎರಡು ಅಡ್ಡ ಗೆರೆ, ಎರಡು ಉದ್ದ ಗೆರೆ. ಜಾಲರಿ ಥರ."

"ಅಷ್ಟು ಸಾಕು. ಇನ್ನು ನೀನು ಏನೂ ನೋಡಿಲ್ಲ, ಏನೂ ಹೇಳಿಲ್ಲ."

ಆ ಗುರುತು ಇದ್ದರೆ ಕಂಪ್ಯೂಟರ್ ಏನು ಹೇಳಿದರೂ ಕೇಳುತ್ತದಂತೆ. ಅವಳು ಟೈಪ್ ಮಾಡತೊಡಗಿದಳು. ಯಾವ ದನಿಯೂ ಇಲ್ಲ, ಹೊಡೆದದ್ದು ಸರಿಯೋ ತಪ್ಪೋ ಅವಳಿಗೆ ಹೇಳುವವರಿಲ್ಲ. ಉದ್ದುದ್ದ ಹೆಸರುಗಳು, ನಡುವೆ ಅಡ್ಡಗೆರೆ, ಅಂಕಿ. ಗಂಡ ಅಕ್ಷರ ಅಕ್ಷರವಾಗಿ ಒಪ್ಪಿಸಿದ್ದನ್ನೆಲ್ಲ ಬೆರಳಿನಿಂದ ಇಳಿಸಿದಳು. ಕೊನೆಗೆ ಒಂದು ಕೀಲಿ ಒತ್ತಿ ಕೈ ಕಟ್ಟಿ ಕೂತಳು. ಪರದೆ ಮೇಲೆ ಸಾಲುಗಳು ಓಡಿ ನಿಂತವು. ಅವಳು ಇನ್ನೆರಡು ಕೀಲಿಗಳನ್ನು ಒಟ್ಟಿಗೆ ಒತ್ತಿದಳು.

ಹೆಡ್‌ಫೋನ್ ಹಾಕಿರಲಿಲ್ಲ. ಆ ಜೇನುಗೂಡಿನ ದನಿ ಇಡೀ ಕೋಣೆಗೆ ಕೇಳಿಸಿತು. ಟೈಪಕ್ಕನ ಮುಖ ಹೇಗಾಯಿತು ಅಂತ ವರ್ಣಿಸಲು ನನಗೆ ಬರುವುದಿಲ್ಲ. ಅವಳು ಮೂಗು ಒರೆಸಿಕೊಂಡದ್ದನ್ನು ಮಾತ್ರ ನೋಡಿದೆ.

ಅಲ್ಲಿಗೇ ಎದ್ದಿದ್ದರೆ ಬೇರೆ ಮಾತು. ಅವಳು ಏಳಲಿಲ್ಲ. ಮುಂದಿನ ಭಾನುವಾರ ಏನೇನು ಕೀಳುತ್ತೀಯ, ಈಗ ಕೀಳದೆ ಬರೀ ಪಟ್ಟಿ ಕೊಡು ಅಂತ ಕಂಪ್ಯೂಟರಿಗೆ ಹೇಳಿದಳು. ಅದು ಓದುತ್ತ ಹೋಯಿತು. ಒಂದು ಕಡೆ ತಟ್ಟನೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಇನ್ನೊಮ್ಮೆ ಕೇಳಿದಳು. ಅಷ್ಟರಲ್ಲಿ ಸಿಸ್ಟಮ್ ಸರ್ ಬಾಗಿಲಲ್ಲಿ ನಿಂತಿದ್ದರು.

"ಏನು ಮಾಡ್ತಿದ್ದೀರಿ? ಯಾರು ಹೇಳಿದ್ರು ನಿಮಗೆ ಮುಟ್ಟೋಕೆ?"

"ಬೈಯೋದನ್ನ ಆಮೇಲೆ ಬೈಯಿರಿ ಸರ್. ಇವತ್ತು ಬೆಳಿಗ್ಗೆ ಎಲ್ಲ ಕಂಪ್ಯೂಟರಿನಿಂದ ಏನು ತೆಗೆಸಿದ್ರಿ?"

"ಹಳೇ ಅಪಾಯಿಂಟ್‌ಮೆಂಟ್ ತಂತ್ರಾಂಶ. ಯಾಕೆ?"

"ಅದರ ಜೊತೆ ಬಾರ್‌ಕೋಡ್ ಬರೆಯೋ ಒಂದು ಸಣ್ಣ ಪ್ಯಾಕೇಜ್ ಬಂದಿತ್ತು. ಭಾನುವಾರ ಅದೂ ಹೋಗುತ್ತೆ, ಇಲ್ಲೂ, ಲ್ಯಾಬಿನ ಕಂಪ್ಯೂಟರಿನಲ್ಲೂ. ಲ್ಯಾಬಿನಲ್ಲಿ ರಕ್ತದ ಟ್ಯೂಬಿಗೆ ಅಂಟಿಸೋ ಲೇಬಲ್ ಅದರಿಂದಲೇ ಬರೋದು. ಹಿಂದೆ ಇದ್ದ ಟೆಕ್ನಿಷಿಯನ್ ಸ್ವಂತ ಬರೆದಿಟ್ಟು ಹೋದ ಏರ್ಪಾಡು. ಅದರ ಟಿಪ್ಪಣಿ ಟೈಪ್ ಮಾಡಿದ್ದು ನಾನು. ಲೇಬಲ್ ಬರದಿದ್ರೆ ಮೊದಲು ಈ ಪ್ಯಾಕೇಜ್ ಇದೆಯಾ ನೋಡಿ ಅಂತ ಅದರಲ್ಲಿದೆ. ಹೋಗಿ ಕೇಳಿ."

ಅವರು ನಂಬಲಿಲ್ಲ, ಆದರೆ ಹೋದರು. ಕಾಲು ಗಂಟೆಯಲ್ಲಿ ಲ್ಯಾಬಿನ ಮೇಲ್ವಿಚಾರಕಿಯನ್ನು ಕರೆದುಕೊಂಡೇ ಬಂದರು. ಆಕೆಯ ಮುಖ ಬಿಳುಚಿಕೊಂಡಿತ್ತು. ಆ ಟಿಪ್ಪಣಿ ಲ್ಯಾಬಿನ ಗೋಡೆಯ ಮೇಲೆ ಇನ್ನೂ ಇತ್ತು, ಓದುವವರು ಇರಲಿಲ್ಲ ಅಷ್ಟೆ. "ದಿನಕ್ಕೆ ಮುನ್ನೂರು ಟ್ಯೂಬ್ ಬರುತ್ತೆ. ಲೇಬಲ್ ಇಲ್ಲದೆ ಯಾರ ರಕ್ತ ಯಾರದ್ದು ಅಂತ ಹೇಗೆ ಹೇಳೋದು?" ಅಂದರು. ಅದು ಸಿಸ್ಟಮ್ ಸರ್‌ಗೆ ಕೇಳಿದ ಪ್ರಶ್ನೆ.

ಅವತ್ತು ಮಧ್ಯಾಹ್ನವೇ ಭಾನುವಾರದ ತಾನಾಗಿ ಕೀಳುವ ಏರ್ಪಾಡು ನಿಂತಿತು. ಈಗ ತೆಗೆಯಬೇಕಾದವುಗಳ ಪಟ್ಟಿ ಮೊದಲು ಎಲ್ಲ ವಿಭಾಗಗಳಿಗೂ ಬರುತ್ತದೆ. ಯಾರಾದರೂ ಇದು ನಮಗೆ ಬೇಕು ಅಂದರೆ ಅದು ಉಳಿಯುತ್ತದೆ. ಪಟ್ಟಿ ಪೂರ್ತಿ ಓದುವವಳು ಟೈಪಕ್ಕ ಒಬ್ಬಳೇ ಅಂತ ನನ್ನ ಗುಮಾನಿ.

ಆದರೆ ಕಥೆ ಸುಖವಾಗಿ ಮುಗಿದು ಎಲ್ಲರೂ ಚಪ್ಪಾಳೆ ತಟ್ಟಿದರು ಅಂದುಕೊಳ್ಳಬೇಡಿ. ಹತ್ತು ದಿನದ ಮೇಲೆ ಅವಳಿಗೆ ನೋಟಿಸ್ ಬಂತು. ಅನುಮತಿಯಿಲ್ಲದೆ ಆಡಳಿತ ಖಾತೆ ಬಳಸಿದ್ದಕ್ಕೆ ನಿಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು ಎಂದು ಮೂರು ದಿನದಲ್ಲಿ ತಿಳಿಸಬೇಕು, ಅಂತ. ನಾನು ಓದಿ ಹೇಳಲು ಹೋದೆ. ಅವಳು ಕೈಯಿಂದ ಕಿತ್ತುಕೊಂಡು ಲಕೋಟೆಗೆ ಹಾಕಿ ವಾಪಸ್ ಕಳಿಸಿದಳು. ಮೇಲೆ ಒಂದು ಚೀಟಿ: "ಇದು ನಾನು ಓದಬಲ್ಲ ರೂಪದಲ್ಲಿಲ್ಲ. ನನ್ನ ಕಂಪ್ಯೂಟರಿಗೆ ಕಳಿಸಿ. ಈಗ ಅದು ಓದುತ್ತದೆ."

ಕಂಪ್ಯೂಟರಿಗೆ ಬಂತು. ನನಗೂ ಕೇಳಿಸಲಿ ಅಂತ ದನಿಯನ್ನು ನಿಧಾನಕ್ಕೆ ಇಟ್ಟು ಓದಿಸಿದಳು. ಆಮೇಲೆ ಉತ್ತರ ಟೈಪ್ ಮಾಡಿದಳು. ಎರಡು ನಿಮಿಷವೂ ಹಿಡಿಯಲಿಲ್ಲ.

"ಮಾಡಿದ್ದು ನಿಜ. ಕೇಳಿ ಮಾಡಿಸಲು ಮೂರು ಸಲ ಪ್ರಯತ್ನಿಸಿದೆ, ಆಗಲಿಲ್ಲ. ನಾನು ಬಳಸುತ್ತಿರುವುದನ್ನು ಬಳಕೆಯಲ್ಲಿಲ್ಲ ಎಂದು ಇನ್ನೊಮ್ಮೆ ತೆಗೆದರೆ ಇನ್ನೊಮ್ಮೆ ಮಾಡುತ್ತೇನೆ. ಕ್ರಮ ಕೈಗೊಳ್ಳುವುದು ತಮ್ಮ ಇಷ್ಟ."

"ಅಕ್ಕಾ, ಕೊನೇ ಎರಡು ವಾಕ್ಯ ತೆಗೆದುಬಿಡು. ಸುಮ್ಮನೆ ಯಾಕೆ?" ಅಂದೆ.

"ಅವೆರಡಕ್ಕೋಸ್ಕರ ಉಳಿದಿದ್ದನ್ನ ಬರೆದಿದ್ದು" ಅಂತ ಕಳಿಸಿಬಿಟ್ಟಳು.

ಕ್ರಮ ಆಗಲಿಲ್ಲ. ಕ್ಷಮೆಯನ್ನೂ ಯಾರೂ ಕೇಳಲಿಲ್ಲ. ಆ ಉತ್ತರದ ಒಂದು ಪ್ರತಿ ಸಿಬ್ಬಂದಿ ಕಡತಕ್ಕೆ ಸೇರಿಸಿ ಅಂತ ಕಚೇರಿಯಿಂದ ನನ್ನ ಹತ್ತಿರ ಬಂತು. ಅಂಚು ಮುದುರದ ಹಾಗೆ ರಟ್ಟು ಇಟ್ಟು ಸೇರಿಸಿದೆ.